ಮಸೀದಿಗೆ ಹಾಕಿದ ಪ್ರದಕ್ಷಿಣೆ

ನನ್ನ ಗಂಡ ತೀರಿಕೊಂಡ ಮೇಲೆ ಸುಮಾರು ನಾಲ್ಕು ತಿಂಗಳು ಅವರ ಅಸ್ಥಿ ಐರ್ಲೆಂಡಿನ ವಾಟರ್‌ಫರ್ಡಿನ ನಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲೇ ಇತ್ತು. ಊರಿಗೆ ಒಯ್ಯುವಂತಿರಲಿಲ್ಲ. ಇಲ್ಲಿ ಬಿಡಲು ಮನಸ್ಸು ಬರುತ್ತಿರಲಿಲ್ಲ. ಆ ದಿನಗಳಲ್ಲಿ ನನಗೆ ಹೆಚ್ಚು ನೆನಪಾದದ್ದು ನಮ್ಮ ಕಡೆಯ ದೇವಸ್ಥಾನಗಳಲ್ಲ, ಚೀನಾದ ಒಂದು ಹಳೆಯ ಮಸೀದಿ. ಯಾಕೆ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಸೀದಿ ಇರುವುದು ಕ್ವಾನ್‌ಝೌ ಎಂಬ ಕಡಲ ತಡಿಯ ಊರಿನಲ್ಲಿ. ಹಿಂದೆ ಅದು ದೊಡ್ಡ ಬಂದರಂತೆ. ಅರಬ್ಬರು, ಪಾರಸಿಕರು, ನಮ್ಮ ತಮಿಳು ಸೀಮೆಯ ವರ್ತಕರು ಹಡಗು ಕಟ್ಟಿಕೊಂಡು ಬರುತ್ತಿದ್ದರಂತೆ. ಕೊರೋನಾ ಮಹಾಮಾರಿಗೆ ಮುಂಚಿನ ಬೇಸಿಗೆಯಲ್ಲಿ ನನ್ನ ಗಂಡನ ಕಂಪನಿ ಅವರನ್ನು ನಾಲ್ಕು ತಿಂಗಳ ಮಟ್ಟಿಗೆ ಅಲ್ಲಿಗೆ ಕಳಿಸಿತ್ತು. ಬೂಟು ತಯಾರಿಸುವ ಒಂದು ಕಾರ್ಖಾನೆಗೆ ಸಾಫ್ಟ್‌ವೇರ್ ಕೂರಿಸಿಕೊಡುವ ಕೆಲಸ. ಮಗಳಿಗೆ ಸ್ಕೂಲಿಗೆ ರಜ ಬಂದ ಕೂಡಲೇ ನಾವಿಬ್ಬರೂ ಹೋಗಿ ಒಂದು ತಿಂಗಳು ಅವರ ಜೊತೆಗಿದ್ದೆವು. ಆಗ ಅವಳಿಗೆ ಹನ್ನೊಂದು ವರ್ಷ. ಹುಟ್ಟಿದ್ದು ವಾಟರ್‌ಫರ್ಡಿನಲ್ಲಿ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಐರಿಷ್ ರಾಗದಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಅವರು, "ಬನ್ನಿ, ನಿಮಗೊಂದು ಜಾಗ ತೋರಿಸ್ತೀನಿ. ನಾನು ಬಂದ ವಾರದಿಂದ ಪ್ರತಿ ಭಾನುವಾರ ಹೋಗ್ತಾ ಇದ್ದೀನಿ" ಎಂದು ಹೊರಡಿಸಿದರು. ದಾರಿಯುದ್ದಕ್ಕೂ ಸ್ಕೂಟರುಗಳು, ಹಣ್ಣಿನಂಗಡಿ, ಮೊಬೈಲ್ ಅಂಗಡಿ. ಅವುಗಳ ನಡುವೆ ಇದ್ದಕ್ಕಿದ್ದಂತೆ ಒಂದು ಕಲ್ಲಿನ ಹೆಬ್ಬಾಗಿಲು. ಆರೇಳು ಆಳೆತ್ತರ. ಕಪ್ಪು ಎಂದರೆ ಕಪ್ಪಲ್ಲ, ಹಸಿರು ಎಂದರೆ ಹಸಿರಲ್ಲ, ಆ ಬಣ್ಣದ ಕಲ್ಲು. ಕಮಾನಿನ ಒಳಗೆ ಕಮಾನು, ಅದರೊಳಗೆ ಇನ್ನೊಂದು. ಕತ್ತೆತ್ತಿ ನೋಡಿದರೆ ಗುಮ್ಮಟದ ಒಳಮೈಯಲ್ಲಿ ಕಲ್ಲಿನ ಎಳೆಗಳು ನೆತ್ತಿಯ ಒಂದು ಬಿಂದುವಿನಿಂದ ಛತ್ರಿಯ ಕಡ್ಡಿಗಳ ಹಾಗೆ ಸುತ್ತಲೂ ಇಳಿದಿದ್ದವು.

"ಹೇಗಿದೆ?" ಎಂದರು.

"ರೀ, ಸ್ವಲ್ಪ ಹೊತ್ತು ಮಾತಾಡ್ಬೇಡಿ" ಎಂದೆ.

ಅವರಿಗೆ ಖುಷಿಯಾಯಿತು. ತಾವೇ ಕಟ್ಟಿಸಿದವರ ಹಾಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಪ್ರಾರ್ಥನೆಯ ಹಜಾರ. ಅದಕ್ಕೆ ಛಾವಣಿ ಇರಲಿಲ್ಲ. ಎಷ್ಟೋ ಕಾಲದ ಹಿಂದೆ ಭೂಕಂಪದಲ್ಲಿ ಬಿದ್ದುಹೋಯಿತಂತೆ. ಈಗ ನಮಾಜು ನಡೆಯುವುದು ಪಕ್ಕದ ಚಿಕ್ಕ ಕಟ್ಟಡದಲ್ಲಿ. ಇಲ್ಲಿ ಉಳಿದಿರುವುದು ಸುತ್ತಲಿನ ದಪ್ಪ ಗೋಡೆ, ಗೋಡೆಯಲ್ಲಿ ದೊಡ್ಡ ಕಿಟಕಿಗಳು, ನೆಲದಲ್ಲಿ ಅರ್ಧಕ್ಕೆ ನಿಂತ ಕಂಬಗಳು, ಮೇಲೆ ಆಕಾಶ. ಪಶ್ಚಿಮದ ಗೋಡೆಯ ಗೂಡಿನಲ್ಲೂ ಕಿಟಕಿಗಳ ಮೇಲೂ ಉದ್ದಕ್ಕೆ ಅರಬ್ಬಿ ಅಕ್ಷರಗಳು. ಸಾವಿರ ವರ್ಷದ ಮಸೀದಿ ಎಂದು ಬಾಗಿಲಲ್ಲಿ ಬರೆದಿದ್ದರು. ನಾನು ಬೇಲೂರು ನೋಡಿದ್ದೇನೆ, ಹಂಪಿ ನೋಡಿದ್ದೇನೆ. ಆದರೆ ಹೊರಗೆ ನಿಂತಾಗ ಕಂಡ ಆಕಾಶಕ್ಕಿಂತ ಒಳಗೆ ಬಂದಾಗ ಕಂಡ ಆಕಾಶ ದೊಡ್ಡದು ಅನ್ನಿಸಿದ್ದು ಅಲ್ಲೊಂದೇ ಕಡೆ.

ಮಸೀದಿಯ ಹತ್ತಿರದಲ್ಲೇ ಚೀನೀಯರ ದೇವಸ್ಥಾನವೊಂದಿದೆ. ಅಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ತೇಲಿಬಂದು ಈ ಹಜಾರದೊಳಕ್ಕೆ ಇಳಿಯುತ್ತಿತ್ತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಅವರೂ ಷೂ ಬಿಚ್ಚಿದರು. ಒಬ್ಬರಿಗೊಬ್ಬರು ಏನೂ ಹೇಳದೆ, ಕಂಬಗಳನ್ನು ಬಲಕ್ಕಿಟ್ಟುಕೊಂಡು ಗೋಡೆಯ ಗುಂಟ ಪ್ರದಕ್ಷಿಣೆ ಶುರುಮಾಡಿದೆವು. ಬಿಸಿಲಿಗೆ ಕಲ್ಲು ಕಾದು ಹಂಚಾಗಿತ್ತು. ಕಾಲು ಎತ್ತಿ ಎತ್ತಿ ಇಡುತ್ತಾ ನಡೆದೆವು.

"ಅಪ್ಪಾ, ಸ್ಟಾಪ್! ಪೀಪಲ್ ಆರ್ ಲುಕಿಂಗ್" ಎಂದು ಮಗಳು ಕಿಟಕಿಯ ನೆರಳಿನಿಂದ ಕೂಗಿದಳು.

ನಿಜವಾಗಿಯೂ ನೋಡುತ್ತಿದ್ದರು. ಬಿಳಿ ಟೋಪಿ ಹಾಕಿದ್ದ ಒಬ್ಬ ವಯಸ್ಸಾದವರು, ಅಲ್ಲಿನ ಕಾವಲಿನವರು, ಪೊರಕೆ ಹಿಡಿದು ನಮ್ಮ ಹಿಂದೆಯೇ ಬರುತ್ತಿದ್ದರು. ನಾವು ನಿಂತರೆ ನಿಲ್ಲುವರು, ನೆಲ ನೋಡುವರು. ಎರಡನೆಯ ಸುತ್ತಿನಲ್ಲಿ ತಡೆಯಲಾರದೆ ತಮ್ಮ ಫೋನು ತೆಗೆದು ಅದರೊಳಕ್ಕೆ ಮಾತಾಡಿ ನಮ್ಮ ಮುಂದೆ ಹಿಡಿದರು. ಫೋನು ಇಂಗ್ಲಿಷಿನಲ್ಲಿ ಕೇಳಿತು: ಏನು ಕಳೆದುಕೊಂಡಿದ್ದೀರಿ?

"ಇವರಿಗೆ ಏನಂತ ಹೇಳ್ಲೇ ಈಗ?" ಎಂದು ನನ್ನ ಗಂಡ ನನ್ನ ಮುಖ ನೋಡಿದರು.

"ನಿಜ ಹೇಳಿ. ದೇವಸ್ಥಾನ ಅಂದ್ಕೊಂಡ್ವಿ ಅನ್ನಿ."

"ಮಸೀದೀಲಿ ನಿಂತ್ಕೊಂಡು ಹಾಗನ್ನೋಕಾಗುತ್ತಾ?"

ಯೋಚಿಸಿ ಯೋಚಿಸಿ ಬರೆದರು: ನಮ್ಮ ಕಡೆ ದೊಡ್ಡದರ ಮುಂದೆ ಬಂದರೆ ಅದರ ಸುತ್ತ ನಡೆಯುತ್ತೇವೆ, ಅದೇ ನಮ್ಮ ನಮಸ್ಕಾರ. ಕಾವಲಿನವರು ಕನ್ನಡಕವನ್ನು ಹಣೆಗೇರಿಸಿ ಓದಿದರು. ನಕ್ಕರು. ಮತ್ತೆ ಫೋನಿನೊಳಕ್ಕೆ ಏನೋ ಹೇಳಿದರು. ಫೋನು ಹೇಳಿತು: ನಡೆಯಿರಿ, ಆದರೆ ಚಪ್ಪಲಿ ಹಾಕಿಕೊಳ್ಳಿ, ಕಾಲು ಸುಡುತ್ತದೆ. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ ಮೂರನೆಯ ಸುತ್ತಿಗೆ ತಾವೂ ನಮ್ಮ ಜೊತೆ ಬಂದರು. ಮಗಳು ಮುಖ ಮುಚ್ಚಿಕೊಂಡು ಕೂತಿದ್ದಳು.

ಸುತ್ತು ಮುಗಿದ ಮೇಲೆ ಅವರೇ ನಮ್ಮನ್ನು ಅಂಗಳದ ಒಂದು ಬದಿಗೆ ಕರೆದೊಯ್ದರು. ಅಲ್ಲಿ ಗೋರಿಗಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಎಲ್ಲ ಹಡಗಿನಲ್ಲಿ ಬಂದು ಆ ಊರಿನಲ್ಲೇ ತೀರಿಕೊಂಡವರವು. ಕಾವಲಿನವರು ಒಂದೊಂದು ಸಾಲನ್ನೂ ಬೆರಳಿನಿಂದ ಮುಟ್ಟಿ ಫೋನಿಗೆ ಹೇಳುತ್ತಾ ಹೋದರು. ಇದು ಅವನ ಹೆಸರು. ಇದು ಅಪ್ಪನ ಹೆಸರು. ಇದು ಅವನು ಬಂದ ಊರು. ಇದು ಸತ್ತ ದಿನ.

"ಪಾಪ, ಇವನು ಸತ್ತ ಸುದ್ದಿ ಮನೆಯವರಿಗೆ ಗೊತ್ತಾಗೋಕೆ ಎಷ್ಟು ಕಾಲ ಹಿಡೀತೋ" ಎಂದೆ.

"ಗಾಳಿ ತಿರುಗಬೇಕಿತ್ತಲ್ಲ. ಗಾಳಿ ತಿರುಗಿದ ಮೇಲೇ ಹಡಗು" ಎಂದರು ನನ್ನ ಗಂಡ. ಆಮೇಲೆ ಕಾವಲಿನವರಿಗೆ, ಇದನ್ನೆಲ್ಲ ಕೆತ್ತಿದವರು ಯಾರು ಎಂದು ಬರೆದು ತೋರಿಸಿದರು.

ಈ ಊರಿನ ಕಲ್ಲುಕುಟಿಗರೇ ಎಂದು ಉತ್ತರ ಬಂತು. ಅವರಿಗೆ ಈ ಅಕ್ಷರ ಓದಲು ಬರುತ್ತಿರಲಿಲ್ಲ, ಕಾಗದದಲ್ಲಿ ಬರೆದುಕೊಟ್ಟದ್ದನ್ನು ನೋಡಿ ನೋಡಿ ಕೆತ್ತಿದರು ಎಂದರು.

ನನ್ನ ಗಂಡ ಆ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. "ನೋಡೇ ಇದನ್ನ. ಗುರುತಿಲ್ಲ, ಪರಿಚಯ ಇಲ್ಲ, ಅಕ್ಷರಾನೂ ಗೊತ್ತಿಲ್ಲ. ಆದ್ರೂ ಒಂದು ಚುಕ್ಕೆ ಬಿಡದ ಹಾಗೆ ಕೆತ್ತಿದ್ದಾನೆ ಮಹಾನುಭಾವ" ಎಂದರು. ಆ ದಿನ ಒಂದೊಂದು ಕಲ್ಲಿನ ಫೋಟೋವನ್ನೂ ತೆಗೆದರು. ನನಗೂ ಮಗಳಿಗೂ ಹಸಿವು. ಬನ್ನಿ ಬನ್ನಿ ಎಂದು ಕರೆದು ಸಾಕಾಯಿತು.

ಮುಂದಿನ ವಾರ ಅದೇ ಊರಿನ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿ ಒಂದು ಕಲ್ಲಿನಲ್ಲಿ ಆನೆ ಸೊಂಡಿಲೆತ್ತಿ ಲಿಂಗಕ್ಕೆ ಹೂವಿಡುತ್ತಿತ್ತು. ತಮಿಳು ವರ್ತಕರು ಕಟ್ಟಿಸಿದ ದೇವಸ್ಥಾನದ ಕಲ್ಲಂತೆ. ಚೀನಾದಲ್ಲಿ ಗಾಜಿನ ಹಿಂದೆ ಶಿವನನ್ನು ಕಂಡು ನನಗೆ ಮೈ ಜುಮ್ಮೆಂದಿತು. ಆದರೂ ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ಉಳಿದದ್ದು ಛಾವಣಿ ಇಲ್ಲದ ಆ ಹಜಾರವೇ. ಅಡುಗೆ ಮಾಡುವಾಗ, ಬಸ್ಸಿಗೆ ಕಾಯುವಾಗ, ಸುಮ್ಮನೆ ಕಣ್ಣಮುಂದೆ ಬರುತ್ತಿತ್ತು.

ಒಂದೂವರೆ ವರ್ಷ ಕಳೆದು, ಕ್ರಿಸ್‌ಮಸ್ ಮುಗಿದು ಸೋಂಕು ಎಲ್ಲ ಕಡೆ ಹರಡಿದಾಗ, ಅವರಿಗೂ ಬಂತು. ಆಂಬುಲೆನ್ಸ್ ಹತ್ತುವಾಗ, "ಎರಡು ದಿನ ಅಷ್ಟೇ, ಗ್ರ್ಯಾಂಡ್ ಆಗಿ ಬರ್ತೀನಿ" ಎಂದು, ಹುಷಾರಾಗಿ ಎನ್ನುವುದಕ್ಕೆ ಇಲ್ಲಿಯವರು ಆಡುವ ಮಾತಿನಲ್ಲೇ, ಮಗಳಿಗೆ ಹೇಳಿ ಹೋದರು. ನಮಗೆ ಆಸ್ಪತ್ರೆಯೊಳಗೆ ಹೋಗುವಂತಿರಲಿಲ್ಲ. ಅಲ್ಲಿ ಮೈಸೂರಿನಲ್ಲಿ ಓದಿದ ಒಬ್ಬ ಡಾಕ್ಟರಿದ್ದರು. ದಿನಾ ಸಂಜೆ ಫೋನ್ ಮಾಡಿ, "ಅಕ್ಕಾ, ಇವತ್ತು ಪರವಾಗಿಲ್ಲ", "ಅಕ್ಕಾ, ಇವತ್ತು ಸ್ವಲ್ಪ ಕಷ್ಟ ಐತೆ" ಎಂದು ಹೇಳುತ್ತಿದ್ದರು. ಹನ್ನೊಂದನೆಯ ದಿನ ಅವರ ಫೋನು ಬಂದದ್ದು ಬೆಳಗಿನ ಜಾವ.

ಬಾಯಿಗೆ ಒಂದು ಹನಿ ತುಳಸಿ ನೀರು ಬಿಡಲಿಲ್ಲ. ಮುಖ ನೋಡಲಿಲ್ಲ. ಕಾರ್ಕ್ ಎಂಬ ಊರಿನ ಕಡೆಯ ಚಿತಾಗಾರಕ್ಕೆ ಹತ್ತು ಜನ ಬರಬಹುದು ಎಂದರು. ಬಂದದ್ದು ನಾನು, ಮಗಳು, ಪಕ್ಕದ ಮನೆಯ ಐರಿಷ್ ಅಮ್ಮ, ಅಷ್ಟೇ. ಎಲ್ಲ ವ್ಯವಸ್ಥೆ ನೋಡಿಕೊಂಡವರು ಶವಸಂಸ್ಕಾರದ ಕೆಲಸವನ್ನೇ ಮಾಡುವ ಒಬ್ಬ ಮಧ್ಯವಯಸ್ಸಿನ ಮನುಷ್ಯ. ಹಿಂದಿನ ದಿನ ಅವರು ಮೂರು ಸಲ ಫೋನ್ ಮಾಡಿದ್ದರು. ಹೆಸರು ಹೇಗೆ ಹೇಳಬೇಕು, ಅಪ್ಪನ ಹೆಸರು ಹೇಗೆ, ಹುಟ್ಟಿದ ಊರು ಯಾವುದು. ನಾನು ಹೇಳುವುದು, ಅವರು ತಮಗೆ ತಿಳಿದ ಹಾಗೆ ಬರೆದುಕೊಂಡು ತಿರುಗಿ ಒಪ್ಪಿಸುವುದು, ನಾನು ಅಲ್ಲ ಎನ್ನುವುದು. ಮಾರನೆಯ ದಿನ ಆ ಖಾಲಿ ಹಜಾರದಲ್ಲಿ ಎದ್ದು ನಿಂತು, ಎಲ್ಲೂ ತಡವರಿಸದೆ, ಮೂರನ್ನೂ ಹೇಳಿದರು. ಆಗ ನನಗೆ ಅದು ಕಿವಿಗೆ ಬಿದ್ದಿತು ಅಷ್ಟೇ, ಒಳಗೆ ಇಳಿಯಲಿಲ್ಲ.

ಅಸ್ಥಿಯನ್ನು ಮನೆಯೊಳಗೆ ತರಬಾರದು ಎನ್ನುವುದು ನಮ್ಮ ಪದ್ಧತಿ. ಊರಿನಲ್ಲಾದರೆ ಹೊರಗೆ ಮರಕ್ಕೆ ಕಟ್ಟಿಡುತ್ತೇವೆ. ನಾನು ಡಬ್ಬಿಯನ್ನು ಬಿಳಿ ಬಟ್ಟೆಯ ಚೀಲದಲ್ಲಿ ಹಾಕಿ ಹಿತ್ತಲಿನ ಸೇಬಿನ ಮರಕ್ಕೆ ಕಟ್ಟಿದೆ. ಪಕ್ಕದ ಮನೆಯ ಅಮ್ಮ ಅದನ್ನು ನೋಡಿ, ಹಕ್ಕಿಗಳಿಗೆ ಏನಾದರೂ ಇಟ್ಟಿರಬೇಕು ಎಂದುಕೊಂಡು, ಬೇಲಿಯ ಮೇಲಿಂದ ಒಂದು ಪೊಟ್ಟಣ ಕಾಳು ಕೊಟ್ಟರು. ನಾನು ಏನೆಂದು ಹೇಳಿದಾಗ ಕಾಳಿನ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟರು. ಸಂಜೆ ಮಳೆ ಬಂತು. ಕಿಟಕಿಯಲ್ಲಿ ನೋಡಿದರೆ ಆ ಅಮ್ಮ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಚೀಲದ ಮೇಲೆ ಹೊದಿಸಿ ಕಟ್ಟುತ್ತಿದ್ದರು.

ಮೈಸೂರಿನಲ್ಲಿರುವ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ದಿನಾ ಫೋನ್ ಮಾಡುತ್ತಿದ್ದರು. ತಮ್ಮನನ್ನು ಎತ್ತಿ ಆಡಿಸಿದವರು ಅವರೇ.

"ವಿಮಾನ ಬಿಡೋವರೆಗೂ ಕಾಯಿ ಕಣೆ. ಪಶ್ಚಿಮವಾಹಿನೀಲಿ ಬಿಡೋಣ. ನಮ್ಮಪ್ಪನ್ನ ಅಲ್ಲೇ ಬಿಟ್ಟಿದ್ದು, ಅಮ್ಮನ್ನೂ ಅಲ್ಲೇ."

"ಆಯ್ತು ಅತ್ತಿಗೆ, ಕಾಯ್ತೀನಿ."

"ಯಾವುದೋ ದೇಶದ ನೀರಿಗೆ ಹಾಕ್ಬೇಡ್ವೇ. ಅವನು ಪರದೇಸಿ ಆಗೋಗ್ತಾನೆ."

ಆ ಮಾತು ನನ್ನನ್ನು ತಿನ್ನತೊಡಗಿತು. ಕೊನೆಯ ಗಳಿಗೆಯಲ್ಲಿ ತನ್ನವರು ಅಂತ ಒಬ್ಬರೂ ಪಕ್ಕದಲ್ಲಿರಲಿಲ್ಲ. ಈಗಾಗಲೇ ಪರದೇಸಿಯಾಗಿ ಹೋದರಲ್ಲ, ಇನ್ನು ಪಶ್ಚಿಮವಾಹಿನಿ ಅದನ್ನು ಹೇಗೆ ಸರಿಮಾಡೀತು ಎಂದು ಕೊರಗುತ್ತಿದ್ದೆ. ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿಲ್ಲ ಎಂಬ ನಿಯಮವಿತ್ತು. ದಿನಾ ಅದೇ ರಸ್ತೆಯಲ್ಲಿ ನಡೆದು ವಾಪಸ್ ಬರುತ್ತಿದ್ದೆ. ಏಪ್ರಿಲ್ ಬರುವ ಹೊತ್ತಿಗೆ ಇಲ್ಲಿ ಸಡಿಲವಾಯಿತು, ಊರಿನಲ್ಲಿ ಸೋಂಕು ಹತ್ತಿ ಉರಿಯಿತು. ಅತ್ತಿಗೆಯ ಬೀದಿಯಲ್ಲೇ ಮೂರು ಮನೆಯಲ್ಲಿ ಸಾವು. ವಿಮಾನದ ಮಾತು ದೂರವಾಯಿತು.

ಒಂದು ಮಧ್ಯಾಹ್ನ ಮಗಳು ಅಪ್ಪನ ಲ್ಯಾಪ್‌ಟಾಪ್ ತೆಗೆದು ಕೂತಿದ್ದವಳು, "ಅಮ್ಮಾ, ಕಮ್ ಹಿಯರ್" ಎಂದಳು. ಕ್ವಾನ್‌ಝೌದ ಫೋಟೋಗಳು. ಎಲ್ಲ ಕಲ್ಲು. ನಾವಿಬ್ಬರೂ ಇರುವ ಫೋಟೋ ನಾಲ್ಕೇ ನಾಲ್ಕು. ನಗುವೂ ಬಂತು, ಸಿಟ್ಟೂ ಬಂತು. ನಡುವೆ ಒಂದು ವಿಡಿಯೋ ಇತ್ತು. ಒಂದು ಗೋರಿಗಲ್ಲಿನ ಮೇಲೆ ಕ್ಯಾಮೆರಾ ನಿಧಾನವಾಗಿ ಇಳಿಯುತ್ತದೆ. ಹಿಂದಿನಿಂದ ಅವರ ದನಿ: "ಇದು ಊರಿನ ಗೋಡೆ ಒಳಗೆ ಸೇರ್ಕೊಂಡಿತ್ತಂತೆ ಕಣೇ. ಗೋಡೆ ಕೆಡವುವಾಗ ಸಿಕ್ತಂತೆ. ಯಾರೋ ಏನೋ ಅಂತ ಬಿಸಾಕಿಲ್ಲ ನೋಡು, ತಂದು ತೊಳೆದು ಇಟ್ಟಿದ್ದಾರೆ." ದೂರದಲ್ಲಿ ನನ್ನ ದನಿ: "ಊಟಕ್ಕೆ ಬರ್ತೀರೋ ಇಲ್ವೋ?"

ಅದನ್ನು ಎಷ್ಟು ಸಲ ನೋಡಿದೆನೋ. ಅವರ ದನಿ ಕೇಳಲು ಮೊದಲು ನೋಡಿದೆ. ಆಮೇಲೆ ಕಲ್ಲನ್ನು ನೋಡತೊಡಗಿದೆ. ಉಳಿ ಹಿಡಿದ ಒಬ್ಬ ಚೀನೀಯ, ಕಾಗದದ ಮೇಲಿನ ಅರ್ಥವಾಗದ ಗೆರೆಯನ್ನು ಮತ್ತೆ ಮತ್ತೆ ನೋಡಿಕೊಂಡು, ಎಲ್ಲಿಂದಲೋ ಬಂದು ಸತ್ತವನ ಹೆಸರನ್ನು ಕಲ್ಲಿನಲ್ಲಿ ಕೂರಿಸುತ್ತಿರುವುದು ಕಣ್ಣಿಗೆ ಕಟ್ಟಿತು. ಸತ್ತವನ ಹೆಂಡತಿ ಆಗ ಕಡಲಾಚೆ ಎಲ್ಲೋ ಗಾಳಿ ತಿರುಗುವುದನ್ನೇ ಕಾಯುತ್ತಿದ್ದಿರಬೇಕು. ಇವನು ಹೀಗೆ ಕೂತು ಕೆತ್ತಿದ್ದು ಅವಳಿಗೆ ತಿಳಿಯಲೇ ಇಲ್ಲ. ನನಗಾದರೆ ತಿಳಿದಿತ್ತು. ಹೆಸರನ್ನು ಮೂರು ಸಲ ಕೇಳಿ ಕಲಿತ ಆ ಮನುಷ್ಯನ ಫೋನು ಬಂದದ್ದು ನನಗೇ. ಪಕ್ಕದ ಮನೆಯ ಅಮ್ಮ ಬೇಲಿ ದಾಟಿ ಮಳೆಯಲ್ಲಿ ಬಂದು ಚೀಲಕ್ಕೆ ಹೊದಿಸಿದ್ದನ್ನು ನೋಡಿದ್ದು ನಾನೇ. ಇಷ್ಟೆಲ್ಲ ಕಂಡೂ ನನ್ನ ಗಂಡ ಯಾರೂ ಇಲ್ಲದೆ ಹೋದರು ಎಂದು ಅಳುತ್ತಿದ್ದೆನಲ್ಲ. ಆ ಮಧ್ಯಾಹ್ನ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು, ಆದರೆ ಎದೆಯ ಮೇಲಿನ ಕಲ್ಲು ಸ್ವಲ್ಪ ಜರುಗಿತು.

ವಾಟರ್‌ಫರ್ಡಿನ ಕೆಳಗೆ ಚೀಕ್‌ಪಾಯಿಂಟ್ ಎಂಬ ಹಳ್ಳಿಯಿದೆ. ಶೂರ್ ಮತ್ತು ಬ್ಯಾರೋ ನದಿಗಳು ಅಲ್ಲಿ ಕೂಡುತ್ತವೆ. ನೋರ್ ಎಂಬ ಮೂರನೆಯದು ಮೇಲೆಯೇ ಬ್ಯಾರೋದೊಳಗೆ ಬೆರೆತು ಬಂದಿರುತ್ತದೆ. ಮೂರನ್ನೂ ಇಲ್ಲಿಯವರು ಅಕ್ಕತಂಗಿಯರು ಎನ್ನುತ್ತಾರೆ. ನಾನು ಅತ್ತಿಗೆಗೆ ಫೋನ್ ಮಾಡಿದೆ. ಕೇಳಲಿಲ್ಲ, ಹೇಳಿದೆ.

"ಅತ್ತಿಗೆ, ಇನ್ನು ಕಾಯಲ್ಲ. ಇಲ್ಲೇ, ಮೂರು ನದಿ ಕೂಡೋ ಕಡೆ ಬಿಡ್ತೀನಿ. ಅವರನ್ನ ಇಲ್ಲಿಯವರು ಚೆನ್ನಾಗಿ ನೋಡ್ಕೊಂಡಿದ್ದಾರೆ."

"ಎಷ್ಟು ನದಿ ಅಂದೆ?" ಎಂದರು ಅತ್ತಿಗೆ.

"ಮೂರು. ಒಂದು ಕಣ್ಣಿಗೆ ಕಾಣಲ್ಲ."

"ನಮ್ಮ ತಿರುಮಕೂಡಲಲ್ಲೂ ಹಾಗೇ" ಎಂದರು. ಆ ಮೇಲೆ ಮೂಗು ಒರೆಸಿಕೊಂಡ ಸದ್ದು. "ಪುರೋಹಿತರನ್ನ ಮನೆಗೆ ಕರೆಯೋ ಹಾಗಿಲ್ಲ. ವಿಡಿಯೋದಲ್ಲಿ ಮಂತ್ರ ಹೇಳಿಸ್ತೀನಿ."

ಮೇ ತಿಂಗಳ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಮ್ಮನೂ ನಾವಿಬ್ಬರೂ ಚೀಕ್‌ಪಾಯಿಂಟಿನ ಕಟ್ಟೆಗೆ ಹೋದೆವು. ಫೋನಿನಲ್ಲಿ ಒಂದು ಚೌಕದಲ್ಲಿ ಅತ್ತಿಗೆ, ಇನ್ನೊಂದರಲ್ಲಿ ಪುರೋಹಿತರು. ಮಗಳೇ ಮಾಡಲಿ, ತಪ್ಪಿಲ್ಲ ಎಂದು ಪುರೋಹಿತರು ಮೊದಲೇ ಹೇಳಿದ್ದರು. ಅವಳು ಮೆಟ್ಟಿಲಿಳಿದು ಒಂದು ಹೂವನ್ನು ನೀರಿಗೆ ಬಿಟ್ಟಳು. ಹೂವು ಕಡಲಿನ ಕಡೆ ಹೋಗಲಿಲ್ಲ. ವಾಟರ್‌ಫರ್ಡಿನ ಕಡೆಗೆ, ಹಿಂದಕ್ಕೆ ತೇಲಿತು.

"ಅತ್ತಿಗೆ, ನದಿ ಹಿಂದಕ್ಕೆ ಹರೀತಾ ಇದೆ!"

"ಹಿಂದಕ್ಕಾ? ಏನೇ ಹೇಳ್ತಿದ್ದೀಯ, ನದಿ ಎಲ್ಲಾದ್ರೂ ಹಿಂದಕ್ಕೆ ಹರಿಯುತ್ತಾ?"

ಕಾವೇರಿಯನ್ನು ನೋಡಿ ಬೆಳೆದ ನಮಗೆ ಅದು ಹೊಳೆದೇ ಇರಲಿಲ್ಲ. ಇದು ಕಡಲಿಗೆ ಹತ್ತಿರ. ಉಬ್ಬರದ ನೀರು ಒಳಕ್ಕೆ ನುಗ್ಗುತ್ತಿತ್ತು. ಇನ್ನೊಂದು ಗಂಟೆ ತಾಳು, ತಿರುಗುತ್ತದೆ ಎಂದು ಪಕ್ಕದ ಮನೆಯ ಅಮ್ಮ ಹೇಳಿದರು. ಕಾಯ್ದೆವು. ಪುರೋಹಿತರೂ ಕಾಯ್ದರು, ಫೋನಿನ ಆಚೆ ಯಾರೋ ಅವರಿಗೆ ಕಾಫಿ ತಂದುಕೊಟ್ಟರು. ನೋಡನೋಡುತ್ತಿದ್ದಂತೆ ನೀರಿನ ಮೇಲಿನ ಸುಕ್ಕುಗಳೆಲ್ಲ ಮಾಯವಾದವು. ಅಷ್ಟು ದೊಡ್ಡ ನದಿ ಉಸಿರು ಹಿಡಿದ ಹಾಗೆ ನಿಂತಿತು. ಆಮೇಲೆ ಕಟ್ಟೆಯ ಕಂಬದ ಹತ್ತಿರ ಒಂದು ಎಳೆ ಚಲಿಸಿತು, ಇನ್ನೊಂದು ಚಲಿಸಿತು, ನೋಡುವಷ್ಟರಲ್ಲಿ ಆ ದಡದಿಂದ ಈ ದಡದವರೆಗೆ ನೀರೆಲ್ಲ ಕಡಲಿನ ಕಡೆ ಹೊರಟಿತು. ಅಂಥದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಪುರೋಹಿತರು ಸಂಕಲ್ಪ ಶುರುಮಾಡಿದರು. ಯಾವ ದೇಶ, ಯಾವ ನದಿ ಎಂದು ಹೇಳುವಲ್ಲಿ ಬಂದು ನಿಂತರು. "ನದಿಗಳ ಹೆಸರು ಏನಮ್ಮ? ಇನ್ನೊಂದು ಸಲ ಹೇಳಿ."

"ಶೂರ್, ನೋರ್, ಬ್ಯಾರೋ" ಎಂದಳು ಮಗಳು.

ಅವರು ಬಾಯೊಳಗೇ ಎರಡು ಸಲ ಹೇಳಿಕೊಂಡರು. ಮತ್ತೆ ಕಣ್ಣುಮುಚ್ಚಿ ಗಂಟಲು ಬಿಟ್ಟು ಹೇಳಿದರು. ಕಾವೇರಿ, ಗೋದಾವರಿ ಎಂದು ಹೇಳುವ ರಾಗದಲ್ಲೇ ಆ ಮೂರು ಹೆಸರೂ ಫೋನಿನಿಂದ ಹೊರಗೆ ಬಂದು ನೀರಿನ ಮೇಲೆ ಹೋದವು. ಪಕ್ಕದ ಮನೆಯ ಅಮ್ಮ ತಮ್ಮ ನದಿಗಳ ಹೆಸರು ಕೇಳಿ ತಲೆಯೆತ್ತಿ ನನ್ನ ಕೈ ಹಿಡಿದುಕೊಂಡರು. ಮಗಳು ಡಬ್ಬಿಯ ಮುಚ್ಚಳ ತೆಗೆದಳು.

ಬೂದಿ ಸ್ವಲ್ಪ ದೂರ ಬಿಳಿಯ ಗೆರೆಯಾಗಿ ಹೋಗಿ ಕಾಣದಾಯಿತು.

"ಹೋದ್ನಾ?" ಎಂದರು ಅತ್ತಿಗೆ.

"ಹೋದ್ರು ಅತ್ತಿಗೆ."

"ನೀರು ತಣ್ಣಗಿದ್ಯಾ?"

"ತುಂಬಾ."

"ಸರಿ, ಅಲ್ಲೇ ನಿಂತ್ಕೋಬೇಡ. ಮಗೂನ ಮನೆಗೆ ಕರ್ಕೊಂಡು ಹೋಗಿ ಬಿಸಿನೀರಲ್ಲಿ ತಲೆ ಮೇಲೆ ಸ್ನಾನ ಮಾಡ್ಸು. ನಾನೂ ಸ್ನಾನಕ್ಕೆ ಹೋಗ್ತೀನಿ" ಎಂದು ಅತ್ತಿಗೆ ಫೋನ್ ಇಟ್ಟರು.